ದತ್ತಾಂಶಕ್ಕೂ ಬೇಕು ಗೋದಾಮಿನ ಲೆಕ್ಕ: ಸರ್ವರ್ ಸಮೂಹದ ಯಂತ್ರಾಂಶ ಯೋಜನೆ

ತೊಗರಿಯ ಸುಗ್ಗಿಗೆ ಮುನ್ನ ಗೋದಾಮು ಕಟ್ಟಿಸುವ ವ್ಯಾಪಾರಿಯು ಮೊದಲು ಇಟ್ಟಿಗೆಯ ದರವನ್ನು ಕೇಳುವುದಿಲ್ಲ. ಎಷ್ಟು ಚೀಲ ಬರಬಹುದು, ಎಷ್ಟು ತಿಂಗಳು ಇಡಬೇಕು, ಒಂದೇ ದಿನ ಎಷ್ಟು ಲಾರಿಗಳು ಬಾಗಿಲಿಗೆ ಬಂದು ನಿಲ್ಲಬಹುದು ಎಂಬ ಲೆಕ್ಕವನ್ನು ಮೊದಲು ಹಾಕುತ್ತಾನೆ. ಆದರೆ ಅದೇ ವ್ಯಾಪಾರಿಯು ತನ್ನ ಸಂಸ್ಥೆಗೆ ಸರ್ವರ್ ಕೊಳ್ಳುವಾಗ ಈ ವಿವೇಕವನ್ನು ಬದಿಗಿಟ್ಟು, ಮಾರಾಟಗಾರನು ಕೊಟ್ಟ ಕೊಟೇಷನ್ನಿನ ಕೊನೆಯ ಸಾಲನ್ನು ಮಾತ್ರ ನೋಡುವುದು ಸಾಮಾನ್ಯವಾಗಿದೆ. ಇದರ ಪರಿಣಾಮ ಎರಡು ಬಗೆಯದು. ಕೆಲವರು ಬೇಡವಾದಷ್ಟು ದೊಡ್ಡ ಯಂತ್ರಕ್ಕೆ ಹಣ ಸುರಿಯುತ್ತಾರೆ. ಕೆಲವರು ಅಗ್ಗದ ಯಂತ್ರವನ್ನು ತಂದು, ಅದು ಕೆಟ್ಟ ದಿನ ವರ್ಷಗಳ ಲೆಕ್ಕಪತ್ರವನ್ನೇ ಕಳೆದುಕೊಳ್ಳುತ್ತಾರೆ.

ಬೃಹತ್ ಪ್ರಮಾಣದ ದತ್ತಾಂಶವನ್ನು ಸಂಗ್ರಹಿಸಿ ಸಂಸ್ಕರಿಸುವ ಸರ್ವರ್ ಸಮೂಹಗಳನ್ನು ಹೇಗೆ ಯೋಜಿಸುತ್ತಾರೆ, ಅದರಿಂದ ಇಜೇರಿ, ಜೇವರ್ಗಿ, ಆಳಂದ, ಅಫಜಲಪುರಗಳಂತಹ ಊರುಗಳ ವ್ಯಾಪಾರಿಗಳು ಮತ್ತು ಸಣ್ಣ ಉದ್ಯಮಿಗಳು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ತಾಂತ್ರಿಕ ವಿಷಯವಾದರೂ ಇದರ ತಿರುಳು ಅಂಕಗಣಿತವೇ ಆಗಿದೆ.

1. ಸರ್ವರ್ ಸಮೂಹ ಎಂದರೇನು?

ಒಂದೇ ದೊಡ್ಡ ಯಂತ್ರದ ಬದಲು ಸಾಧಾರಣ ದರ್ಜೆಯ ಅನೇಕ ಯಂತ್ರಗಳನ್ನು ಜಾಲದಿಂದ ಜೋಡಿಸಿ, ಅವೆಲ್ಲವೂ ಸೇರಿ ಒಂದೇ ಯಂತ್ರದಂತೆ ಕೆಲಸ ಮಾಡುವ ವ್ಯವಸ್ಥೆಗೆ ಸರ್ವರ್ ಸಮೂಹ ಅಥವಾ ಕ್ಲಸ್ಟರ್ ಎನ್ನುತ್ತಾರೆ. ಗೂಗಲ್ ಸಂಸ್ಥೆಯು ತನ್ನ ಕಡತ ವ್ಯವಸ್ಥೆಯ ವಿವರವನ್ನು 2003ರಲ್ಲಿ ಪ್ರಕಟಿಸಿತು. ಆ ಮಾದರಿಯನ್ನು ಅನುಸರಿಸಿ 2006ರಲ್ಲಿ ಹಡೂಪ್ ಎಂಬ ಮುಕ್ತ ತಂತ್ರಾಂಶವು ರೂಪುಗೊಂಡಿತು. ಇದರಲ್ಲಿ ದೊಡ್ಡ ಕಡತವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡಲಾಗುತ್ತದೆ. ಯಾವ ತುಂಡು ಎಲ್ಲಿದೆ ಎಂಬ ಸೂಚಿಯು ಮುಖ್ಯ ಯಂತ್ರದಲ್ಲಿರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಉಳಿದ ಯಂತ್ರಗಳು ಕಿರ್ದಿ ಪುಸ್ತಕಗಳು; ಮುಖ್ಯ ಯಂತ್ರವು ಖತಾವಣಿಯ ಸೂಚಿ. ಒಂದು ಕಿರ್ದಿ ಹರಿದರೆ ಅದರ ಪ್ರತಿ ಇನ್ನೊಂದೆಡೆ ಸಿಗುತ್ತದೆ. ಸೂಚಿಯೇ ಹೋದರೆ ಎಲ್ಲ ಪುಸ್ತಕಗಳಿದ್ದೂ ಪ್ರಯೋಜನವಿಲ್ಲ. ಆದಕಾರಣ ಮುಖ್ಯ ಯಂತ್ರವನ್ನು ಉತ್ತಮ ದರ್ಜೆಯದನ್ನೇ ಕೊಂಡು, ಅದರ ಜೊತೆಗೆ ಸಿದ್ಧವಾಗಿ ನಿಂತ ಎರಡನೆಯದನ್ನೂ ಇಡುವುದು ರೂಢಿ.

ಈ ವ್ಯವಸ್ಥೆಯ ಮೂಲ ತತ್ತ್ವವೆಂದರೆ ಯಂತ್ರವು ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಳ್ಳುವುದು. ವರ್ಷಕ್ಕೆ ನೂರು ಡಿಸ್ಕ್‌ಗಳಲ್ಲಿ ಒಂದೆರಡು ಕೆಡುತ್ತವೆ ಎಂದು ಹಿಡಿದರೆ, ಎರಡು ಸಾವಿರ ಡಿಸ್ಕ್‌ಗಳ ಕೇಂದ್ರದಲ್ಲಿ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಡಿಸ್ಕ್‌ಗಳು ಕೆಡುತ್ತವೆ. ಅಲ್ಲಿ ಅದು ಅಪಘಾತವೆನಿಸದೆ ನಿತ್ಯದ ಕೆಲಸವೆನಿಸುತ್ತದೆ.

2. 'ಭೂಮಿ' ಯೋಜನೆ: ದತ್ತಾಂಶ ಎಲ್ಲಿರಬೇಕು?

ನಮಗೆ ಅತ್ಯಂತ ಸಮೀಪದ ಉದಾಹರಣೆಯು ಕರ್ನಾಟಕ ಸರ್ಕಾರದ 'ಭೂಮಿ' ಯೋಜನೆ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ 2001ರ ಸುಮಾರಿಗೆ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಆರಂಭದಲ್ಲಿ ಯಂತ್ರಗಳು ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದವು. 15 ರೂಪಾಯಿ ಶುಲ್ಕ ಕಟ್ಟಿದ ರೈತನಿಗೆ ಅಲ್ಲಿನ ಕಿಂಡಿಯಲ್ಲಿ ಪಹಣಿ ದೊರೆಯುತ್ತಿತ್ತು. ಅಂದಿನ ದೂರವಾಣಿ ಸಂಪರ್ಕದ ಸ್ಥಿತಿಯಲ್ಲಿ ಅದೇ ಸರಿಯಾದ ವ್ಯವಸ್ಥೆಯಾಗಿತ್ತು. ತಂತಿ ದುರ್ಬಲವಾಗಿದ್ದಾಗ ದತ್ತಾಂಶವು ಬಳಕೆದಾರನ ಹತ್ತಿರವೇ ಇರಬೇಕಾಗುತ್ತದೆ.

ಮುಂದೆ ರಾಜ್ಯವ್ಯಾಪಿ ಜಾಲವಾದ ಕೆಸ್ವಾನ್ ಮತ್ತು ರಾಜ್ಯ ದತ್ತಾಂಶ ಕೇಂದ್ರಗಳು ಬಂದ ಮೇಲೆ ದಾಖಲೆಗಳನ್ನು ಕೇಂದ್ರೀಕರಿಸುವುದು ಸಾಧ್ಯವಾಯಿತು. ಇಂದು ಇಜೇರಿಯ ರೈತನ ಪಹಣಿಯನ್ನು ಅಂತರಜಾಲ ಸಂಪರ್ಕವಿರುವ ಯಾವ ಊರಿನಿಂದಲಾದರೂ ನೋಡಬಹುದು. ತಾಲ್ಲೂಕಿಗೊಂದು ಯಂತ್ರವಿದ್ದಾಗ ಬೇಕಾಗುತ್ತಿದ್ದ ಹತ್ತಾರು ಕಡೆಯ ನಿರ್ವಹಣೆ, ಬ್ಯಾಟರಿ, ಪ್ರತಿ ತೆಗೆಯುವ ಹೊಣೆ ಒಂದೆಡೆಗೆ ಬಂದವು. ಅದರೊಡನೆ ಜಾಲ ಕಡಿದರೆ ಎಲ್ಲರ ಕೆಲಸವೂ ನಿಲ್ಲುವ ಹೊಸ ಅವಲಂಬನೆಯೂ ಬಂದಿತು. ಯಂತ್ರವನ್ನು ಕಚೇರಿಯಲ್ಲಿ ಇಡಬೇಕೋ, ದೂರದ ಕೇಂದ್ರದಲ್ಲಿ ಬಾಡಿಗೆಗೆ ಪಡೆಯಬೇಕೋ ಎಂಬ ಪ್ರಶ್ನೆಗೆ ಮೊದಲ ಉತ್ತರವು ಯಂತ್ರದ ಬೆಲೆಯಲ್ಲಿಲ್ಲ. ನಿಮ್ಮ ಊರಿನ ಜಾಲಸಂಪರ್ಕವು ಎಷ್ಟು ನಂಬಿಕೆಗೆ ಅರ್ಹವಾಗಿದೆ ಎಂಬುದರಲ್ಲಿದೆ.

3. ಆಧಾರ್: ಸಂಗ್ರಹ ಬೇರೆ, ಕೆಲಸ ಬೇರೆ

ಬೃಹತ್ ಸಮೂಹಕ್ಕೆ ಎರಡನೆಯ ಉದಾಹರಣೆ ಆಧಾರ್. 2009ರಲ್ಲಿ ಸ್ಥಾಪನೆಯಾದ ವಿಶಿಷ್ಟ ಗುರುತಿನ ಪ್ರಾಧಿಕಾರದ ತಾಂತ್ರಿಕ ವ್ಯವಸ್ಥೆಯು ರೂಪುಗೊಂಡದ್ದು ಬೆಂಗಳೂರಿನಲ್ಲಿ. ದತ್ತಾಂಶ ಕೇಂದ್ರಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್‌ಗಳಲ್ಲಿವೆ. ಒಬ್ಬ ವ್ಯಕ್ತಿಯ ನೋಂದಣಿಯ ದತ್ತಾಂಶವು ಸುಮಾರು 5 ಮೆಗಾಬೈಟ್. 120 ಕೋಟಿ ಜನರಿಗೆ ಇದನ್ನು ಗುಣಿಸಿದರೆ ಒಂದು ಪ್ರತಿಗೇ 6,000 ಟೆರಾಬೈಟ್ ಆಗುತ್ತದೆ. (ಸಾವಿರ ಗಿಗಾಬೈಟ್‌ಗೆ ಒಂದು ಟೆರಾಬೈಟ್.) ಪ್ರತಿಗಳನ್ನು ಸೇರಿಸಿದರೆ ಇದು ಎರಡು ಮೂರು ಪಟ್ಟಾಗುತ್ತದೆ.

ಆದರೆ ಕಠಿಣವಾದ ಭಾಗವು ಸಂಗ್ರಹವಲ್ಲ. ಒಬ್ಬನೇ ವ್ಯಕ್ತಿ ಎರಡು ಬಾರಿ ನೋಂದಾಯಿಸಿಕೊಳ್ಳದಂತೆ ತಡೆಯಲು ಪ್ರತಿ ಹೊಸ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತನ್ನು ಹಿಂದಿನ ಎಲ್ಲವುಗಳೊಂದಿಗೆ ಹೋಲಿಸಬೇಕು. 60 ಕೋಟಿ ಜನರು ಈಗಾಗಲೇ ಇರುವಾಗ ದಿನಕ್ಕೆ 10 ಲಕ್ಷ ಹೊಸಬರು ಬಂದರೆ ಅಂದಿನ ಹೋಲಿಕೆಗಳ ಸಂಖ್ಯೆ 600 ಲಕ್ಷ ಕೋಟಿ. ಹತ್ತು ಕೋಟಿ ಜನರಿದ್ದಾಗ ಅದೇ 10 ಲಕ್ಷ ನೋಂದಣಿಗೆ ಬೇಕಾದದ್ದು 100 ಲಕ್ಷ ಕೋಟಿ ಮಾತ್ರ. ನಿತ್ಯದ ಆವಕ ಒಂದೇ ಇದ್ದರೂ ಕೆಲಸವು ಆರು ಪಟ್ಟಾಯಿತು. ದತ್ತಾಂಶ ಎಷ್ಟಿದೆ ಎಂದು ಮಾತ್ರ ಎಣಿಸಿ, ಅದರ ಮೇಲೆ ಯಾವ ಕೆಲಸ ಮಾಡುತ್ತೇವೆ ಎಂದು ಎಣಿಸದವರು ಇಲ್ಲಿ ತಪ್ಪುತ್ತಾರೆ.

ಲೆಕ್ಕಪರಿಶೋಧಕನ ದೃಷ್ಟಿಗೆ ಇದರಲ್ಲಿ ಇನ್ನೆರಡು ಅಂಶಗಳು ಗಮನಾರ್ಹ. ಒಂದೇ ಕಂಪನಿಯ ವಿಶೇಷ ಯಂತ್ರಕ್ಕೆ ಕಟ್ಟುಬೀಳದೆ, ಮಾರುಕಟ್ಟೆಯಲ್ಲಿ ಹಲವರು ಪೂರೈಸಬಲ್ಲ ಸಾಮಾನ್ಯ ಸರ್ವರ್‌ಗಳನ್ನು ಮತ್ತು ಮುಕ್ತ ತಂತ್ರಾಂಶವನ್ನು ಆಯ್ದುಕೊಂಡದ್ದು ಮೊದಲನೆಯದು. ಹೋಲಿಕೆಯ ಕೆಲಸವನ್ನು ಮೂರು ಪೂರೈಕೆದಾರರಿಗೆ ಹಂಚಿ, ಮಾಡಿದ ಕೆಲಸದ ಲೆಕ್ಕದಲ್ಲಿ ಹಣ ಪಾವತಿಸಿ, ಚೆನ್ನಾಗಿ ಮಾಡಿದವರಿಗೆ ಹೆಚ್ಚು ಪಾಲು ನೀಡುವ ಪದ್ಧತಿಯನ್ನು ಇಟ್ಟದ್ದು ಎರಡನೆಯದು. ಹಮಾಲಿಯನ್ನು ಚೀಲದ ಲೆಕ್ಕದಲ್ಲಿ ಕೊಡುವ ನಮಗೆ ಈ ಪದ್ಧತಿ ಹೊಸದಲ್ಲ.

4. ಜಿಎಸ್‌ಟಿ ಜಾಲ: ಸಂತೆಯ ದಿನದ ಲೆಕ್ಕ

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಜಾಲತಾಣವು ಕೊನೆಯ ದಿನಗಳಲ್ಲಿ ತೆರೆಯದೆ ಸತಾಯಿಸಿದ್ದನ್ನು ನಮ್ಮ ಸದಸ್ಯರೆಲ್ಲರೂ ಬಲ್ಲರು. ಆ ತಾಂತ್ರಿಕ ತೊಂದರೆಗಳ ಪರಿಶೀಲನೆಗೆ ರಚನೆಯಾದ ಸಚಿವರ ಗುಂಪು 2017ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೇ ಸಭೆ ಸೇರಿತು. ತಿಂಗಳ ಬಹುಪಾಲು ದಿನ ಬಿಡುವಾಗಿರುವ ವ್ಯವಸ್ಥೆಯ ಮೇಲೆ 20ನೇ ತಾರೀಖಿನ ಆಸುಪಾಸಿನಲ್ಲಿ ಇಡೀ ದೇಶವೇ ಬಂದು ಬೀಳುವುದು ಇದರ ಒಂದು ಮುಖ್ಯ ಸಮಸ್ಯೆ.

ಇದಕ್ಕೆ ಎರಡು ಮದ್ದುಗಳನ್ನು ಬಳಸಲಾಯಿತು. 2020ರ ಜನವರಿಯಲ್ಲಿ ಜಿಎಸ್‌ಟಿಆರ್-3ಬಿ ಸಲ್ಲಿಕೆಯ ಕೊನೆಯ ದಿನವನ್ನು 20, 22 ಮತ್ತು 24 ಎಂದು ಹಂಚಲಾಯಿತು. ಹಿಂದಿನ ವರ್ಷದ ವಹಿವಾಟು 5 ಕೋಟಿಗಿಂತ ಕಡಿಮೆಯಿದ್ದ ಕರ್ನಾಟಕದ ವರ್ತಕರಿಗೆ 22 ಬಂದಿತು. ಅದೇ ವರ್ಷದ ಮಾರ್ಚ್ ತಿಂಗಳ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ, ಏಕಕಾಲಕ್ಕೆ ಒಂದೂವರೆ ಲಕ್ಷ ಬಳಕೆದಾರರನ್ನು ತಾಳುತ್ತಿದ್ದ ವ್ಯವಸ್ಥೆಯನ್ನು ಮೂರು ಲಕ್ಷಕ್ಕೆ ಏರಿಸಲು ಯಂತ್ರಾಂಶವನ್ನು ಹೆಚ್ಚಿಸುವುದೆಂದು ತೀರ್ಮಾನವಾಯಿತು. ಮೊದಲ ಮದ್ದಿಗೆ ಒಂದು ಯಂತ್ರವನ್ನೂ ಕೊಳ್ಳಬೇಕಾಗಲಿಲ್ಲ. ನೂಕುನುಗ್ಗಲನ್ನು ಹಂಚಲು ಸಾಧ್ಯವಿದ್ದರೆ ಮೊದಲು ಹಂಚಬೇಕು. ಉಳಿದದ್ದಕ್ಕೆ ಮಾತ್ರ ಯಂತ್ರ ಕೊಳ್ಳಬೇಕು. ರಾತ್ರಿ ಮಾಡಬಹುದಾದ ವರದಿಯನ್ನು ಹಗಲಿನ ವ್ಯಾಪಾರದ ಸಮಯದಲ್ಲಿ ಓಡಿಸುವುದು, ಸುಗ್ಗಿಯಲ್ಲಿ ತೂಕದ ಯಂತ್ರದ ಮುಂದೆ ಖಾಲಿ ಲಾರಿ ನಿಲ್ಲಿಸಿದಂತೆ.

5. ಲೆಕ್ಕ ಹಾಕುವ ಕ್ರಮ

ಈಗ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಲವು ಬೇಳೆ ಗಿರಣಿಗಳು ಸೇರಿ, ಬಣ್ಣ ವಿಂಗಡಿಸುವ ಸಾರ್ಟೆಕ್ಸ್ ಯಂತ್ರಗಳ ಚಿತ್ರಗಳು, ತೂಕದ ದಾಖಲೆಗಳು ಮತ್ತು ಗೋದಾಮಿನ ಕ್ಯಾಮೆರಾ ದೃಶ್ಯಗಳನ್ನು ಒಂದೆಡೆ ಇಡಲು ಬಯಸುತ್ತವೆ ಎಂದಿಟ್ಟುಕೊಳ್ಳಿ. ದಿನದ ಆವಕ 100 ಗಿಗಾಬೈಟ್. ಮೂರು ವರ್ಷ ಇಡಬೇಕು.

ಸಂಗ್ರಹ: ವರ್ಷಕ್ಕೆ 36.5, ಮೂರು ವರ್ಷಕ್ಕೆ ಸುಮಾರು 110 ಟೆರಾಬೈಟ್. ಮೂರು ಪ್ರತಿಗಳಿಗೆ 330. ಡಿಸ್ಕ್ ಪೂರ್ಣ ತುಂಬಿದರೆ ಕೆಲಸ ನಡೆಯದು. ನಾಲ್ಕನೇ ಒಂದು ಭಾಗ ಖಾಲಿ ಬಿಟ್ಟರೆ ಒಟ್ಟು 440 ಟೆರಾಬೈಟ್ ಬೇಕು. ನೂರಹತ್ತರ ಸರಕಿಗೆ ನಾನೂರನಲವತ್ತರ ಗೋದಾಮು! ಕೊಟೇಷನ್ನಿನಲ್ಲಿ ಬರೆದ ಸಾಮರ್ಥ್ಯಕ್ಕೂ ನಿಜವಾಗಿ ಬಳಸಬಹುದಾದ ಸಾಮರ್ಥ್ಯಕ್ಕೂ ಇರುವ ಅಂತರವಿದು.

ಯಂತ್ರಗಳ ಸಂಖ್ಯೆ: 4 ಟೆರಾಬೈಟಿನ 12 ಡಿಸ್ಕ್‌ಗಳಿರುವ ಸರ್ವರ್ ಒಂದಕ್ಕೆ 48 ಟೆರಾಬೈಟ್, ಅಂಥವು 10 ಬೇಕು. 16 ಟೆರಾಬೈಟಿನ ಡಿಸ್ಕ್‌ಗಳಾದರೆ ಸರ್ವರ್‌ಗೆ 192, ಮೂರೇ ಸಾಕು. ಎರಡನೆಯದು ಅಗ್ಗವಾಗಿ ಕಾಣುತ್ತದೆ. ಆದರೆ ಮೂರರಲ್ಲಿ ಒಂದು ಕೆಟ್ಟರೆ ಮೂರನೆಯ ಪ್ರತಿಯನ್ನು ಇಡಲು ಜಾಗವೇ ಇರುವುದಿಲ್ಲ. ಹತ್ತರಲ್ಲಿ ಒಂದು ಕೆಟ್ಟರೆ ಅದರಲ್ಲಿದ್ದ 33 ಟೆರಾಬೈಟನ್ನು ಉಳಿದ ಒಂಬತ್ತು ಯಂತ್ರಗಳು ಹಂಚಿಕೊಂಡು ತಾವಾಗಿಯೇ ಪುನಃ ಪ್ರತಿ ಮಾಡಿಕೊಳ್ಳುತ್ತವೆ.

ಜಾಲ: ಆ ಮರುಪ್ರತಿಗೆ ಒಂದೊಂದು ಯಂತ್ರವೂ ಸುಮಾರು 3.7 ಟೆರಾಬೈಟ್ ಬರೆದುಕೊಳ್ಳಬೇಕು. ಸೆಕೆಂಡಿಗೆ 1 ಗಿಗಾಬಿಟ್ ವೇಗದ ಜಾಲದಲ್ಲಿ ಇದಕ್ಕೆ ಎಂಟು ಗಂಟೆಗೂ ಹೆಚ್ಚು ಬೇಕು. 10 ಗಿಗಾಬಿಟ್ ಜಾಲದಲ್ಲಿ ಒಂದು ಗಂಟೆಯ ಆಸುಪಾಸು. ಈ ಅವಧಿಯಲ್ಲಿ ಇನ್ನೊಂದು ಯಂತ್ರ ಕೆಡುವ ಅಪಾಯ ಇದ್ದೇ ಇರುತ್ತದೆ. ದುಬಾರಿ ಪ್ರೊಸೆಸರ್ ಕೊಂಡು ಅಗ್ಗದ ಸ್ವಿಚ್ ಹಾಕುವುದು ದೊಡ್ಡ ಗೋದಾಮಿಗೆ ಕಿರಿದಾದ ಬಾಗಿಲು ಇಟ್ಟಂತೆ.

ಸಂಸ್ಕರಣೆ: ಒಂದು ವರ್ಷದ 36.5 ಟೆರಾಬೈಟನ್ನು ಒಮ್ಮೆ ಪೂರ್ತಿ ಓದಿ ವರದಿ ತಯಾರಿಸಬೇಕಿದೆ ಎನ್ನೋಣ. ಡಿಸ್ಕ್ ಒಂದಕ್ಕೆ ಸೆಕೆಂಡಿಗೆ 150 ಮೆಗಾಬೈಟ್ ಎಂದು ಹಿಡಿದರೆ, 12 ಡಿಸ್ಕ್‌ಗಳ ಒಂದೇ ಯಂತ್ರಕ್ಕೆ ಐದೂವರೆ ಗಂಟೆ ಮೀರುತ್ತದೆ. ಹತ್ತು ಯಂತ್ರಗಳ 120 ಡಿಸ್ಕ್‌ಗಳು ಒಟ್ಟಿಗೆ ಓದಿದರೆ ಸುಮಾರು 34 ನಿಮಿಷ. ಪ್ರತಿ ಯಂತ್ರವೂ ತನ್ನಲ್ಲಿರುವ ತುಂಡನ್ನು ತಾನೇ ಓದಿ ಸಂಸ್ಕರಿಸುವುದರಿಂದ ಈ ಲಾಭ ದೊರೆಯುತ್ತದೆ. ಓದುವ ವೇಗಕ್ಕೆ ಪ್ರೊಸೆಸರ್ ಹೊಂದಿಕೆಯಾಗಬೇಕೆಂಬುದನ್ನು ಮರೆಯಬಾರದು.

ಮೆಮೊರಿ: ಮುಖ್ಯ ಯಂತ್ರದ ಸೂಚಿಯು ಮೆಮೊರಿಯಲ್ಲಿ ಇರುತ್ತದೆ. ಪ್ರತಿ ಕಡತ ಮತ್ತು ಪ್ರತಿ ತುಂಡಿಗೂ ಸುಮಾರು 150 ಬೈಟ್ ಬೇಕು. 110 ಟೆರಾಬೈಟನ್ನು 128 ಮೆಗಾಬೈಟಿನ ದೊಡ್ಡ ಕಡತಗಳಾಗಿ ಇಟ್ಟರೆ ಸುಮಾರು 8.6 ಲಕ್ಷ ಕಡತಗಳಾಗುತ್ತವೆ. ಸೂಚಿಗೆ ಒಂದು ಗಿಗಾಬೈಟಿನ ಮೂರನೇ ಒಂದು ಭಾಗವೂ ಬೇಡ. ಅದನ್ನೇ 100 ಕಿಲೋಬೈಟಿನ ಬಿಡಿ ಚಿತ್ರಗಳಾಗಿ ಇಟ್ಟರೆ 110 ಕೋಟಿ ಕಡತಗಳಾಗಿ, ಸೂಚಿಗೇ 330 ಗಿಗಾಬೈಟ್ ಮೆಮೊರಿ ಬೇಕಾಗುತ್ತದೆ. ಬಿಡಿ ಚೀಟಿಗಳನ್ನು ಕಟ್ಟು ಕಟ್ಟಿ ದಫ್ತರದಲ್ಲಿಡುವ ಹಳೆಯ ಗುಮಾಸ್ತರ ಕ್ರಮ ಇಲ್ಲಿಯೂ ಹಣ ಉಳಿಸುತ್ತದೆ.

ಅಪರೂಪಕ್ಕೆ ಓದುವ ಹಳೆಯ ದತ್ತಾಂಶಕ್ಕೆ ಇನ್ನೊಂದು ಉಪಾಯವಿದೆ. 2017ರ ಡಿಸೆಂಬರ್‌ನಲ್ಲಿ ಬಂದ ಹಡೂಪ್‌ನ ಮೂರನೆಯ ಆವೃತ್ತಿಯಲ್ಲಿ, ಆರು ತುಂಡುಗಳಿಗೆ ಮೂರು ಲೆಕ್ಕತಾಳೆಯ ತುಂಡುಗಳನ್ನು ಸೇರಿಸಿ ಇಡುವ ಸೌಲಭ್ಯವಿದೆ. ಇದರಲ್ಲಿ 110ಕ್ಕೆ 330ರ ಬದಲು 165 ಟೆರಾಬೈಟ್ ಸಾಕು. ಒಂಬತ್ತರಲ್ಲಿ ಯಾವ ಮೂರು ಕಳೆದರೂ ದತ್ತಾಂಶ ಉಳಿಯುತ್ತದೆ. ಆದರೆ ತುಂಡುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿಡಲು ಕನಿಷ್ಠ ಒಂಬತ್ತು ಯಂತ್ರಗಳಿರಬೇಕು; ಕಳೆದದ್ದನ್ನು ಮತ್ತೆ ಕಟ್ಟುವ ಕೆಲಸವೂ ಹೆಚ್ಚು.

6. ವಿದ್ಯುತ್ ಮತ್ತು ತಾಪ

ನಮ್ಮ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ. ಸರ್ವರ್ ಒಂದು 500 ವ್ಯಾಟ್ ಬಳಸಿದರೆ ಹಗಲು ರಾತ್ರಿ ಸೇರಿ ವರ್ಷಕ್ಕೆ 4,380 ಯೂನಿಟ್. ಹತ್ತಕ್ಕೆ 43,800, ತಂಪುಗೊಳಿಸಲು ಅದರ ಅರ್ಧದಷ್ಟು ಸೇರಿಸಿದರೆ 65,700 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 5,25,600 ರೂಪಾಯಿ. ಐದು ವರ್ಷಗಳಲ್ಲಿ ಇದು 26 ಲಕ್ಷವನ್ನು ಮೀರುತ್ತದೆ. ಕೊಟೇಷನ್ನಿನಲ್ಲಿ ಕಾಣದ ಈ ವೆಚ್ಚವನ್ನು, ಯುಪಿಎಸ್ ಬ್ಯಾಟರಿ ಬದಲಾವಣೆ ಮತ್ತು ಜನರೇಟರ್ ಡೀಸೆಲ್‌ಗಳನ್ನು ಸೇರಿಸಿಯೇ ಬಾಡಿಗೆ ಸೇವೆಯೊಂದಿಗೆ ಹೋಲಿಸಬೇಕು. ಅಮೆಜಾನ್‌ನ ಕ್ಲೌಡ್ ಕೇಂದ್ರಗಳು ಮುಂಬೈಯಲ್ಲಿ 2016ರಲ್ಲಿಯೂ ಹೈದರಾಬಾದಿನಲ್ಲಿ 2022ರಲ್ಲಿಯೂ ಆರಂಭವಾಗಿವೆ. ಸುಗ್ಗಿಯ ಎರಡು ಮೂರು ತಿಂಗಳು ಮಾತ್ರ ಹೆಚ್ಚು ಕೆಲಸವಿರುವವರಿಗೆ ಬಾಡಿಗೆ ಲಾಭದಾಯಕ. ವರ್ಷವಿಡೀ ಸಮನಾದ ಕೆಲಸವಿರುವವರಿಗೆ ಸ್ವಂತದ್ದು ಅಗ್ಗವಾಗಬಹುದು.

7. ಕಾನೂನು ಏನು ಹೇಳುತ್ತದೆ?

ಸಿಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಅವಧಿಯು ಇನ್ನೂ ಮುಂದೆ ಹೋಗಬಹುದು. ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದ ನಾಶವಾದರೆ ಯುಕ್ತ ಅವಧಿಯಲ್ಲಿ ಮರಳಿ ಪಡೆಯುವಂತೆ ಪ್ರತಿ ಇಡಬೇಕೆಂದು ಸಿಜಿಎಸ್‌ಟಿ ನಿಯಮ 57 ಹೇಳುತ್ತದೆ. ಕಂಪನಿಗಳಾದರೆ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳನ್ನು ಇಡಬೇಕು. ಭಾರತದಲ್ಲಿರುವ ಸರ್ವರಿನಲ್ಲಿ ದಿನವೂ ಪ್ರತಿ ತೆಗೆಯಬೇಕು. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡು ಉಳಿಯುವ ತಂತ್ರಾಂಶವನ್ನೇ ಬಳಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಕಂಪನಿಗಳ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸರ್ವರ್ ಮತ್ತು ಜಾಲಗಳ ಆಯುಷ್ಯ ಆರು ವರ್ಷ, ಮೇಜಿನ ಗಣಕಯಂತ್ರಗಳದು ಮೂರು ವರ್ಷ. 2024ರ ಏಪ್ರಿಲ್‌ನಲ್ಲಿ ಕೊಂಡ ಸರ್ವರಿನ ಆಯುಷ್ಯ 2030ರ ಮಾರ್ಚಿಗೆ ಮುಗಿಯುತ್ತದೆ. ಆದರೆ 2024-25ರ ಲೆಕ್ಕಪತ್ರವನ್ನು ಜಿಎಸ್‌ಟಿಗಾಗಿ 2031ರ ಡಿಸೆಂಬರ್ 31ರವರೆಗೆ ಇಡಬೇಕು. ದಾಖಲೆಯು ಯಂತ್ರಕ್ಕಿಂತ ಹೆಚ್ಚು ಕಾಲ ಬಾಳಬೇಕಾಗಿದೆ. ಹಳೆಯ ಯಂತ್ರದಿಂದ ಹೊಸದಕ್ಕೆ ದತ್ತಾಂಶವನ್ನು ಸಾಗಿಸುವ ವೆಚ್ಚವು ಕೊಳ್ಳುವ ದಿನವೇ ಯೋಜನೆಯಲ್ಲಿರಬೇಕು. ಸರ್ವರಿನ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆದರೆ ಅದೇ ತೆರಿಗೆಯ ಮೊತ್ತದ ಮೇಲೆ ಸವಕಳಿ ಪಡೆಯುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

8. ನಮಗೆ ಎಷ್ಟು ಬೇಕು?

ದಿನಕ್ಕೆ 50 ಬಿಲ್ ಬರೆಯುವ ಗಿರಣಿಯನ್ನು ತೆಗೆದುಕೊಳ್ಳಿ. ಬಿಲ್ಲಿನ ಚಿತ್ರ 200 ಕಿಲೋಬೈಟ್ ಎಂದರೆ ದಿನಕ್ಕೆ 10 ಮೆಗಾಬೈಟ್; 300 ದಿನಗಳಿಗೆ 3 ಗಿಗಾಬೈಟ್; ಎಂಟು ವರ್ಷಕ್ಕೆ 24. ಇದು ಅಂಗಿಯ ಜೇಬಿನ ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆ! ಇಂತಹ ಸಂಸ್ಥೆಗೆ ಸಮೂಹವೇ ಬೇಡ. ಅದಕ್ಕೆ ಬೇಕಾದುದು ಸಮೂಹದ ಶಿಸ್ತು ಮಾತ್ರ: ಮೂರು ಪ್ರತಿಗಳು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ ಅಥವಾ ಬೇರೆ ಊರಿನಲ್ಲಿ. ಒಂದೇ ಯಂತ್ರದೊಳಗೆ ಎರಡು ಡಿಸ್ಕ್ ಹಾಕಿದರೆ ಡಿಸ್ಕ್ ಕೆಟ್ಟಾಗ ರಕ್ಷಣೆಯಿದೆ. ಬೆಂಕಿ, ಕಳ್ಳತನ, ವೈರಸ್ ಅಥವಾ ಕೈತಪ್ಪಿ ಅಳಿಸಿದಾಗ ಇಲ್ಲ. ಬಿಲ್ಲುಗಳ ಪ್ರಮಾಣ ನೋಡಿ ಸಮೂಹ ಕೊಳ್ಳುವವರು ಯಾರೂ ಇಲ್ಲ. ಕ್ಯಾಮೆರಾ ಮತ್ತು ಯಂತ್ರಗಳ ಚಿತ್ರಗಳು ಬೆಳೆದಾಗ ಮಾತ್ರ ಆ ಪ್ರಶ್ನೆ ಏಳುತ್ತದೆ.

9. ಕೊಟೇಷನ್ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

(1) ಪ್ರತಿಗಳನ್ನೂ ಖಾಲಿ ಜಾಗವನ್ನೂ ಕಳೆದು ಬಳಸಲು ಸಿಗುವ ಸಾಮರ್ಥ್ಯ ಎಷ್ಟು?
(2) ಅತಿ ಹೆಚ್ಚು ಕೆಲಸದ ದಿನವನ್ನು ಹಿಡಿದು ಲೆಕ್ಕ ಹಾಕಿದ್ದೀರೋ, ಸರಾಸರಿ ದಿನವನ್ನೋ?
(3) ಒಂದು ಯಂತ್ರ ಕೆಟ್ಟರೆ ಕೆಲಸ ಎಷ್ಟು ಗಂಟೆ ನಿಲ್ಲುತ್ತದೆ? ಬಿಡಿಭಾಗ ಕಲಬುರಗಿಯಲ್ಲಿ ಸಿಗುತ್ತದೆಯೋ, ಬೆಂಗಳೂರು ಅಥವಾ ಹೈದರಾಬಾದಿನಿಂದ ಬರಬೇಕೋ?
(4) ಮುಂದಿನ ವರ್ಷ ಹೆಚ್ಚಿಸಬೇಕಾದರೆ ಹಳೆಯದಕ್ಕೆ ಸೇರಿಸಬಹುದೋ, ಹಳೆಯದನ್ನು ಬಿಸಾಡಬೇಕೋ?
(5) ವಿದ್ಯುತ್, ತಂಪು, ವಾರ್ಷಿಕ ನಿರ್ವಹಣೆ ಸೇರಿ ಐದು ವರ್ಷಗಳ ಒಟ್ಟು ವೆಚ್ಚ ಎಷ್ಟು?
(6) ಒಪ್ಪಂದ ಮುಗಿದರೆ ನಮ್ಮ ದತ್ತಾಂಶವನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಮರಳಿ ಕೊಡುತ್ತೀರಿ?
(7) ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆಯುವುದನ್ನು ನಮ್ಮೆದುರು ಮಾಡಿ ತೋರಿಸುತ್ತೀರಾ?

ಕೊನೆಯ ಪ್ರಶ್ನೆಯೇ ಬಹು ಮುಖ್ಯವಾದುದು. ಮರಳಿ ತೆಗೆದು ನೋಡದ ಪ್ರತಿಯು ಎಣಿಸದ ನಗದು ಶಿಲ್ಕಿನಂತೆ; ಪುಸ್ತಕದಲ್ಲಿರುತ್ತದೆ, ಪೆಟ್ಟಿಗೆಯಲ್ಲಿ ಇದೆಯೆಂದು ಹೇಳಲಾಗದು. ಮೂರು ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ತಿಂಗಳ ಲೆಕ್ಕವನ್ನು ಪ್ರತಿಯಿಂದ ತೆಗೆದು, ಮೂಲದೊಂದಿಗೆ ತಾಳೆ ನೋಡಿ, ಆ ದಿನಾಂಕವನ್ನು ಬರೆದಿಡುವುದನ್ನು ಸದಸ್ಯ ಬಂಧುಗಳು ರೂಢಿಸಿಕೊಳ್ಳಬೇಕು. ಆವಕ, ಕೆಲಸ, ನೂಕುನುಗ್ಗಲಿನ ದಿನ, ಕೆಟ್ಟ ದಿನ ಎಂಬ ನಾಲ್ಕನ್ನು ಎಣಿಸಿದ ನಂತರವೇ ಯಂತ್ರದ ದರವನ್ನು ಕೇಳುವುದು ಲೇಸು.